ಬೋರ್ಡಿನ ಮೇಲೆ ಕನ್ನಡ ಬಂತು, ಬಾನೆಟ್ಟಿನ ಕೆಳಗೆ ಯಾವಾಗ?

ಕನ್ನಡದ ಯುವ ಮಿತ್ರರೇ,

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಉರುಳಿದವು. 2024ರಲ್ಲಿ ಸರ್ಕಾರ ಕಾನೂನನ್ನೇ ತಿದ್ದಿತು. ನಾಮಫಲಕದಲ್ಲಿ ಶೇಕಡ 60ರಷ್ಟು ಜಾಗ ಕನ್ನಡಕ್ಕೆ ಎಂದಾಯಿತು. ಪಟಾಕಿ ಹೊಡೆದದ್ದೂ ಆಯಿತು, ಸಿಹಿ ಹಂಚಿದ್ದೂ ಆಯಿತು. ಸಂತೋಷ!

ಈಗ ಒಂದು ಕೆಲಸ ಮಾಡಿ. ಕನ್ನಡದ ಬೋರ್ಡು ಹಾಕಿಕೊಂಡಿರುವ ಯಾವುದಾದರೂ ಮೋಟಾರು ಬಿಡಿಭಾಗದ ಅಂಗಡಿಗೆ ಹೋಗಿ. ಒಂದು ಬೇರಿಂಗ್ ಸೆಟ್ಟಿನ ಪೊಟ್ಟಣ ಕೇಳಿ. ತಿರುಗಿಸಿ ಮುರುಗಿಸಿ ನೋಡಿ. ಅದನ್ನು ಹೇಗೆ ಕೂರಿಸಬೇಕು, ಎಷ್ಟು ಸಂದು ಬಿಡಬೇಕು, ಎಣ್ಣೆಯ ತೂತು ಯಾವ ಕಡೆಗೆ ಬರಬೇಕು ಅನ್ನುವ ಒಂದೇ ಒಂದು ಸಾಲು ಕನ್ನಡದಲ್ಲಿ ಇದೆಯೇ ಹುಡುಕಿ. ಸಿಕ್ಕಿದರೆ ನಮಗೂ ತೋರಿಸಿ, ನಾವೂ ಕಣ್ತುಂಬ ನೋಡುತ್ತೇವೆ!

ಬೋರ್ಡು ಕನ್ನಡದ್ದು. ಬೋರ್ಡಿನ ಕೆಳಗೆ ಕೂತು ಮೈಯೆಲ್ಲಾ ಗ್ರೀಸು ಮಾಡಿಕೊಂಡು ದುಡಿಯುವ ಹುಡುಗ ಕನ್ನಡದವನು. ಅವನ ಕೈಗೆ ಸಿಗುವ ಕಾಗದ ಮಾತ್ರ ಇಂಗ್ಲಿಷಿನದು. ಇದು ಯಾವ ಸೀಮೆಯ ಗೆಲುವು?

ಐಮಂಗಲ ಎಂಬ ಊರು

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ ನಡುವೆ ಸಿಗುವ ಊರು ಐಮಂಗಲ. ಪೊಲೀಸ್ ತರಬೇತಿ ಶಾಲೆ ಇರುವ ಊರು ಎಂದರೆ ಕೆಲವರಿಗೆ ನೆನಪಾದೀತು. ಬೆಂಗಳೂರಿನಿಂದ ದಾವಣಗೆರೆಗೋ ಹುಬ್ಬಳ್ಳಿಗೋ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ನೀವು ಎಷ್ಟೋ ಸಲ ಅದರ ಪಕ್ಕದಲ್ಲೇ ಹೋಗಿದ್ದೀರಿ. ಹಿಂದೆ ನಾಲ್ಕನೇ ನಂಬರಿನ ಹೆದ್ದಾರಿ, 2010ರಲ್ಲಿ ನಂಬರು ಬದಲಾಗಿ ಈಗ 48. ಹಗಲೂ ರಾತ್ರಿ ಲಾರಿ. ಊರೊಳಗೆ ಟ್ರ್ಯಾಕ್ಟರು. ಹೊಲದಲ್ಲಿ ಬೋರ್‌ವೆಲ್ ಲಾರಿ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು. ಮಳೆ ಕಡಿಮೆ, ಇಂಜಿನ್ನು ಜಾಸ್ತಿ ಇರುವ ಸೀಮೆ ಇದು.

ಇಂಥ ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲಿ ಒಂದು ಡೀಸೆಲ್ ಇಂಜಿನ್ನು ಇಳಿಸಿದ್ದಾರೆ ಎಂದುಕೊಳ್ಳಿ. ಶೇಂಗಾ ಬಿತ್ತನೆ ಹತ್ತಿರ ಬಂದಿದೆ, ರೈತನ ಟ್ರ್ಯಾಕ್ಟರು ಹೊಗೆ ಕಾರುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಸಾಲ ಮಾಡಿ ಫುಲ್ ಇಂಜಿನ್ ಕೆಲಸಕ್ಕೆ ಬಿಟ್ಟಿದ್ದಾನೆ. ಬ್ಲಾಕು ಲೇತಿಗೆ ಹೋಗಿ ಬಂತು. ಹೊಸ ಕ್ಯಾಮ್ ಬುಷ್‌ಗಳನ್ನು ಕೂರಿಸಿದರು. ಕ್ಯಾಮ್ ಶಾಫ್ಟನ್ನು ಒಳಗೆ ತಳ್ಳಿದರು. ಮೂರನೇ ಬುಷ್‌ನಲ್ಲಿ ಕಚ್ಚಿಕೊಂಡಿತು! ಕೈಯಲ್ಲಿ ತಿರುಗುತ್ತಿಲ್ಲ. ಪಾನಾ ಹಾಕಿ ಒತ್ತಿದರೆ ಮಾತ್ರ ಮುಲುಗುತ್ತಾ ತಿರುಗುತ್ತದೆ.

"ಅಣ್ಣಾ, ಕ್ಯಾಮ್ ಟೈಟು ಐತೆ" ಅನ್ನುತ್ತಾನೆ ಹೆಲ್ಪರ್ ಹುಡುಗ.

ಆಗ ಗ್ಯಾರೇಜುಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಎಷ್ಟೋ ಇಂಜಿನ್ನುಗಳನ್ನು ಕೊಂದ ಮಾತು ಅದು: "ಓಡ್ತಾ ಓಡ್ತಾ ಸರಿಹೋಗುತ್ತೆ, ಕಟ್ಟು."

ಸರಿಹೋಗುವುದಿಲ್ಲ ಮಿತ್ರರೇ! ಬಿಗಿಯಾದ ಬುಷ್‌ನಲ್ಲಿ ಎಣ್ಣೆಯ ಪದರ ನಿಲ್ಲಲು ಜಾಗವೇ ಇರುವುದಿಲ್ಲ. ಲೋಹಕ್ಕೆ ಲೋಹ ತಿಕ್ಕಿ ಬಿಸಿಯಾಗುತ್ತದೆ. ಬುಷ್‌ನ ಮೆದು ಪದರ ಕರಗಿ ಶಾಫ್ಟಿಗೆ ಮೆತ್ತುತ್ತದೆ. ಕೆಲವೊಮ್ಮೆ ಬುಷ್ಷೇ ಶಾಫ್ಟಿನ ಜೊತೆ ತಿರುಗಿ ಬ್ಲಾಕಿನ ಎಣ್ಣೆ ತೂತನ್ನು ಮುಚ್ಚಿಬಿಡುತ್ತದೆ. ಆ ದಾರಿಯಿಂದಲೇ ಮೇಲಿನ ರಾಕರಿಗೂ ಎಣ್ಣೆ ಹೋಗುವ ಇಂಜಿನ್ನಾದರೆ ಅದೂ ಒಣಗಿತು. ಉದುರಿದ ಲೋಹದ ಚೂರು ಎಣ್ಣೆಯಲ್ಲಿ ಸೇರಿ ಕ್ರ್ಯಾಂಕಿನ ಬೇರಿಂಗುಗಳನ್ನೂ ತಿನ್ನುತ್ತದೆ. ಶಾಫ್ಟು ಪೂರಾ ಜಾಮ್ ಆದರೆ ಟೈಮಿಂಗ್ ಗೇರಿನ ಹಲ್ಲು ಹೋಗುತ್ತದೆ, ವಾಲ್ವಿಗೆ ಪಿಸ್ಟನ್ನು ಬಡಿಯುತ್ತದೆ. ಬಿತ್ತನೆಯ ಹದ ತಪ್ಪುತ್ತದೆ. ಸಾಲದ ಮೇಲೆ ಸಾಲ ಆಗುತ್ತದೆ.

ಇಷ್ಟೆಲ್ಲಾ ಅನಾಹುತವನ್ನು ತಪ್ಪಿಸುವ ತಿಳಿವಳಿಕೆ ನಾಲ್ಕು ಪುಟದಷ್ಟಿದೆ. ಆ ನಾಲ್ಕು ಪುಟ ಆ ಹುಡುಗನ ಭಾಷೆಯಲ್ಲಿ ಅವನ ಕೈಗೆ ಸಿಕ್ಕುವುದಿಲ್ಲ. ಇದಕ್ಕೆ ಹೊಣೆ ಯಾರು?

"ಕನ್ನಡದಲ್ಲಿ ಆಗೋಲ್ಲ" ಅನ್ನುವವರಿಗೆ

ಸೂಟು ಬೂಟಿನ ಮಹಾಶಯರು ತಕ್ಷಣ ಹೇಳುತ್ತಾರೆ: "ಇದೆಲ್ಲಾ ಟೆಕ್ನಿಕಲ್ ವಿಷಯ. ಕನ್ನಡದಲ್ಲಿ ಹೇಳೋಕೆ ಆಗೋಲ್ಲ." ಆಗುವುದಿಲ್ಲವೇ? ಇಗೋ, ಇಲ್ಲೇ, ಈ ಪುಟದಲ್ಲೇ ಹೇಳುತ್ತೇವೆ. ನೀವು ಮೆಕ್ಯಾನಿಕ್ ಅಲ್ಲದಿದ್ದರೂ ಓದಿ. ಅರ್ಥವಾಗುತ್ತದೋ ಇಲ್ಲವೋ ನೀವೇ ತೀರ್ಪು ಕೊಡಿ.

ಕ್ಯಾಮ್ ಟೈಟು ಎಂದ ಕೂಡಲೇ ಬುಷ್ ಕೆರೆಯಲು ಕೂರಬೇಡಿ. ಮೊದಲು ಕಳ್ಳ ಯಾರು ಎಂದು ಪತ್ತೆ ಮಾಡಿ. ಬುಷ್ಷೋ, ಬ್ಲಾಕೋ, ಶಾಫ್ಟೋ?

ಶಾಫ್ಟನ್ನು ತಿರುಗಿಸಿ ನೋಡಿ. ಒಂದು ಸುತ್ತಿನಲ್ಲಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗುತ್ತಿದ್ದರೆ ಶಾಫ್ಟೇ ಬಗ್ಗಿರಬಹುದು. ಸುತ್ತಿನುದ್ದಕ್ಕೂ ಒಂದೇ ಸಮನೆ ಬಿಗಿ ಇದ್ದರೆ ಅನುಮಾನ ಬುಷ್‌ನ ಮೇಲೆ. ಶಾಫ್ಟನ್ನು ಹೊರತೆಗೆದು ಎರಡು ವಿ-ಬ್ಲಾಕಿನ ಮೇಲೆ ಇಟ್ಟು, ನಡುವಿನ ಜರ್ನಲ್ಲಿಗೆ ಡಯಲ್ ಗೇಜು ಮುಟ್ಟಿಸಿ ತಿರುಗಿಸಿದರೆ ಬಾಗು ಇದೆಯೋ ಇಲ್ಲವೋ ಮುಳ್ಳೇ ಹೇಳುತ್ತದೆ. ಬಗ್ಗಿದ ಶಾಫ್ಟಿಗಾಗಿ ಬುಷ್ ಕೆರೆದರೆ ನೆಗಡಿಗೆ ಮೂಗು ಕೊಯ್ದಂತೆ.

ಎರಡನೆಯದು ಅಳತೆ. ಪ್ರತಿ ಜರ್ನಲ್ಲನ್ನು ಮೈಕ್ರೋಮೀಟರಿನಲ್ಲಿ, ಕೂರಿಸಿದ ಪ್ರತಿ ಬುಷ್‌ನ ಒಳಗನ್ನು ಬೋರ್ ಗೇಜಿನಲ್ಲಿ ಅಳೆಯಿರಿ. ಎರಡರ ವ್ಯತ್ಯಾಸವೇ ಎಣ್ಣೆಗೆ ಸಿಗುವ ಸಂದು. ಬಹಳಷ್ಟು ಇಂಜಿನ್ನುಗಳಲ್ಲಿ ಇದು ಎರಡರಿಂದ ನಾಲ್ಕು ಥೌ, ಅಂದರೆ 0.05ರಿಂದ 0.10 ಮಿಲಿಮೀಟರ್ ಆಸುಪಾಸು. ನಿಮ್ಮ ತಲೆಕೂದಲಿನ ದಪ್ಪದಷ್ಟು! ಕರಾರುವಾಕ್ಕಾದ ಅಂಕಿ ಆಯಾ ಇಂಜಿನ್ನಿನ ಮ್ಯಾನುಯಲ್‌ನಲ್ಲಿದೆ. ಆ ಮ್ಯಾನುಯಲ್ ಯಾವ ಭಾಷೆಯಲ್ಲಿದೆ ಎಂಬುದನ್ನು ಆಮೇಲೆ ಮಾತಾಡೋಣ.

ಮೂರನೆಯದು, ಬುಷ್ ತನ್ನ ಜಾಗದಲ್ಲೇ ಕೂತಿದೆಯೇ? ಕೆಲವು ಇಂಜಿನ್ನುಗಳಲ್ಲಿ ಮುಂದಿನಿಂದ ಹಿಂದಕ್ಕೆ ಒಂದೊಂದು ಬುಷ್‌ನ ಅಳತೆಯೂ ಬೇರೆ ಬೇರೆ. ಸೆಟ್ಟಿನಲ್ಲಿ ಅದಲು ಬದಲಾದರೆ ಟೈಟಾಗದೆ ಇನ್ನೇನಾದೀತು? ಪೊಟ್ಟಣದ ಮೇಲಿನ ನಂಬರು ನೋಡದೆ ಕೂರಿಸಬೇಡಿ.

ನಾಲ್ಕನೆಯದು, ಕೂರಿಸಿದ ರೀತಿ. ಸುತ್ತಿಗೆಯಲ್ಲಿ ಬಡಿದರೆ ಬುಷ್ ಓರೆಯಾಗುತ್ತದೆ, ಅಂಚು ಒಳಕ್ಕೆ ಮಡಿಚುತ್ತದೆ. ಬೋಲ್ಟು ತಿರುಗಿಸಿ ನೇರಕ್ಕೆ ಎಳೆದು ಕೂರಿಸುವ ಸಾಧನ ಬೇಕು. ಲೇತಿನವರು ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ. ಕೂರಿಸುವ ಮೊದಲು ಬ್ಲಾಕಿನ ತೂತನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು, ಅಂಚಿನ ಮುಳ್ಳು ತೆಗೆದು, ಗಾಳಿ ಹೊಡೆಯಿರಿ. ಬುಷ್‌ನ ಬೆನ್ನ ಹಿಂದೆ ಒಂದು ಸಣ್ಣ ಕಸ ಸಿಕ್ಕಿಕೊಂಡರೂ ಮುಂದುಗಡೆ ಒಂದು ಗುಬುಟು ಏಳುತ್ತದೆ. ಬುಷ್‌ನ ತೂತೂ ಬ್ಲಾಕಿನ ಎಣ್ಣೆ ತೂತೂ ಒಂದಕ್ಕೊಂದು ನೇರ ಬಂದಿದೆಯೇ ಎಂದು ತಂತಿ ತೂರಿಸಿ ನೋಡಲೇಬೇಕು.

ಐದನೆಯದು, ಗುರುತು ಹಿಡಿಯುವುದು. ಬ್ಲಾಕನ್ನು ನೆಟ್ಟಗೆ ನಿಲ್ಲಿಸಿದರೆ ಶಾಫ್ಟು ತನ್ನ ಭಾರಕ್ಕೇ ನೇರ ಇಳಿಯುತ್ತದೆ, ಬುಷ್ಷಿಗೆ ಗೀರು ಬೀಳುವುದಿಲ್ಲ. ಜರ್ನಲ್ಲುಗಳಿಗೆ ತೆಳುವಾಗಿ ನೀಲಿ ಬಣ್ಣ ಸವರಿ ಇಳಿಸಿ. ಒಂದೆರಡು ಸುತ್ತು ತಿರುಗಿಸಿ ಹೊರತೆಗೆಯಿರಿ. ಬುಷ್‌ನಲ್ಲಿ ಎಲ್ಲಿ ನೀಲಿ ಒತ್ತಾಗಿ ಹತ್ತಿದೆಯೋ, ಎಲ್ಲಿ ಹೊಳೆಯುತ್ತಿದೆಯೋ ಅಲ್ಲೇ ಕಚ್ಚುತ್ತಿದೆ. ಅಂಚಿನಲ್ಲಿ ಮಾತ್ರ ಗುರುತಿದ್ದರೆ ಅಂಚು ಮಡಿಚಿದೆ ಅಥವಾ ಬುಷ್ ಓರೆಯಾಗಿದೆ. ನಡುವಿನ ಬುಷ್‌ಗಳೆಲ್ಲಾ ಒಂದೇ ಮಗ್ಗುಲಲ್ಲಿ ಕಚ್ಚುತ್ತಿದ್ದು, ಶಾಫ್ಟು ನೆಟ್ಟಗಿದ್ದರೆ, ಬ್ಲಾಕಿನ ತೂತುಗಳ ಸಾಲೇ ಜರುಗಿದೆ. ಅದು ಕೈಯಲ್ಲಿ ಆಗುವ ಕೆಲಸವಲ್ಲ, ಲೈನ್ ಬೋರಿಂಗಿಗೆ ಹೋಗಬೇಕು.

ಆರನೆಯದು, ಕೆರೆಯುವುದು. ಅಂಚಿನ ಮುಳ್ಳು, ಸಣ್ಣ ಉಬ್ಬು ಇಷ್ಟೇ ಆದರೆ ಬೇರಿಂಗ್ ಸ್ಕ್ರೇಪರಿನಲ್ಲಿ ನೀಲಿ ಹತ್ತಿದ ಕಡೆ ಮಾತ್ರ ಹಗುರವಾಗಿ ಕೆರೆಯಿರಿ. ಮತ್ತೆ ನೀಲಿ, ಮತ್ತೆ ಶಾಫ್ಟು, ಮತ್ತೆ ಕೆರೆತ. ಹತ್ತು ಸಲ ಇಳಿಸಿ ತೆಗೆಯಬೇಕಾದರೂ ಬೇಸರ ಬೇಡ. ತೆಗೆದ ಲೋಹವನ್ನು ವಾಪಸು ಹಚ್ಚಲು ಬರುವುದಿಲ್ಲ! ಎಮರಿ ಕಾಗದ ಮಾತ್ರ ಒಳಗೆ ಬಿಡಬೇಡಿ. ಅದರ ಪುಡಿ ಬುಷ್‌ನ ಮೆದು ಲೋಹದಲ್ಲಿ ನಾಟಿಕೊಂಡು ಜೀವಮಾನವಿಡೀ ಶಾಫ್ಟನ್ನು ಅರೆಯುತ್ತದೆ. ಬುಷ್ ಪೂರ್ತಿ ಓರೆಯಾಗಿದ್ದರೆ ಕೆರೆಯಬೇಡಿ, ಕಿತ್ತು ಹೊಸದು ಹಾಕಿ. ಒಂದು ಬುಷ್‌ನ ಬೆಲೆ ಒಂದು ಇಂಜಿನ್ನಿಗಿಂತ ದೊಡ್ಡದಲ್ಲ.

ಕೊನೆಯದಾಗಿ ಎಲ್ಲವನ್ನೂ ತೊಳೆದು, ಎಣ್ಣೆ ದಾರಿಗಳಿಗೆ ಗಾಳಿ ಹೊಡೆದು, ಇಂಜಿನ್ ಆಯಿಲ್ ಸವರಿ ಶಾಫ್ಟು ಇಳಿಸಿ. ಟ್ಯಾಪೆಟ್ಟಿನ ಭಾರ ಬೀಳುವ ಮುಂಚೆ ಅದು ಬೆರಳಲ್ಲಿ ತಿರುಗಬೇಕು. ಪಾನಾ ಬೇಕಾಯಿತೆಂದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ.

ಓದಿದಿರಲ್ಲ? ಎಲ್ಲಿ ಎಡವಿತು ಕನ್ನಡ? ಎಲ್ಲಿ ಉಸಿರು ಕಟ್ಟಿತು? ಕೂದಲೆಳೆಯಷ್ಟು ಸಂದಿನ ವಿಚಾರವನ್ನೂ ಹೇಳಬಲ್ಲ ಭಾಷೆಯನ್ನು ಅಡುಗೆಮನೆಗೆ, ಭಾವಗೀತೆಗೆ ಮಾತ್ರ ಲಾಯಕ್ಕು ಎನ್ನುತ್ತಾರಲ್ಲ, ಅವರಿಗೆ ನಾಚಿಕೆಯಾಗಬೇಕು!

ಪಂಡಿತರಿಗೂ ಒಂದು ಮಾತು

ಇಂಗ್ಲಿಷಿನವರಷ್ಟೇ ಅಡ್ಡಿ ಎಂದುಕೊಳ್ಳಬೇಡಿ. ನಮ್ಮವರೇ ಕೆಲವು ಪಂಡಿತರಿದ್ದಾರೆ. ಕ್ಯಾಮ್ ಶಾಫ್ಟು ಎಂದ ತಕ್ಷಣ ಸಂಸ್ಕೃತದ ನಿಘಂಟು ಬಿಚ್ಚಿ, ಬಾಯಲ್ಲಿ ತಿರುಗದ ಪದ ಕಟ್ಟಲು ಕೂರುತ್ತಾರೆ. ಅಂಥ ಪುಸ್ತಕ ಅಚ್ಚಾದರೆ ಹುಡುಗ ಅದನ್ನು ಇಂಗ್ಲಿಷಿಗಿಂತ ಬೇಗ ಕೆಳಗಿಡುತ್ತಾನೆ.

ಸ್ವಾಮೀ, ಕ್ಯಾಮು, ಬುಷ್ಷು, ಗೇಜು, ಲೇತು ಎಲ್ಲವೂ ಕನ್ನಡವಾಗಿ ಎಷ್ಟೋ ಕಾಲವಾಯಿತು. ವಿಭಕ್ತಿ ಹಚ್ಚಿಸಿಕೊಂಡು ನಮ್ಮ ವ್ಯಾಕರಣದಲ್ಲೇ ಓಡಾಡುತ್ತಿವೆ. ಅವುಗಳ ಪಕ್ಕದಲ್ಲೇ ಕಚ್ಚು, ಸವೆ, ಕೆರೆ, ಬಿಗಿ, ಸಡಿಲ, ಓರೆ, ಸಂದು, ಗೀರು, ಮುಳ್ಳು ಎಂಬ ಅಪ್ಪಟ ಮಾತುಗಳು ಕೆಲಸ ಮಾಡುತ್ತಿವೆ. ಈ ಶಬ್ದಕೋಶ ಕಟ್ಟಿದವರು ಯಾವ ವಿಶ್ವವಿದ್ಯಾಲಯದವರೂ ಅಲ್ಲ, ಗ್ಯಾರೇಜಿನ ಮೇಸ್ತ್ರಿಗಳು. ಅವರಿಗೆ ಸನ್ಮಾನ ಬೇಡ, ಶಾಲು ಹಾರ ಬೇಡ. ಅವರ ಮಾತನ್ನು ಅಚ್ಚಿನಲ್ಲಿ ತನ್ನಿ, ಸಾಕು.

ಕನ್ನಡಕ್ಕೆ ಈ ಕೆಲಸ ಹೊಸದೂ ಅಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದವರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಕೂತು ಬರೆದವರು. ಒಬ್ಬೊಬ್ಬ ಮನುಷ್ಯ ಮಾಡಿದ್ದನ್ನು ಇಡೀ ಸರ್ಕಾರ ಮಾಡಲಾರದೇ?

ನಾಡಿನದು ಕಬ್ಬಿಣ, ಮಾತು ಮಾತ್ರ ಪರರದ್ದು!

ಈ ನಾಡಿನಲ್ಲಿ ಯಂತ್ರದ ಕೆಲಸ ನಿನ್ನೆ ಮೊನ್ನೆ ಬಂದದ್ದಲ್ಲ. ಚಿತ್ರದುರ್ಗದಿಂದ ದಾವಣಗೆರೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಅದರ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ತಿರುಗಿದವು. ಈಗ ಆ ಕಾರ್ಖಾನೆ ಮುಚ್ಚಿದೆ. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಬಂತು. ಅದರ ಡೀಸೆಲ್ ಪಂಪನ್ನು ಕಾಣದ ಲಾರಿ ಮೇಸ್ತ್ರಿ ಇದ್ದಾನೆಯೇ? 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು. ಲೇತು ಇಲ್ಲೇ ಎರಕವಾಯಿತು, ಪಂಪು ಇಲ್ಲೇ ತಯಾರಾಯಿತು, ಬೆವರು ಇಲ್ಲಿಯದೇ ಸುರಿಯಿತು. ಕೈಪಿಡಿಗೆ ಮಾತ್ರ ಈ ನೆಲದ ಭಾಷೆ ಬರಲಿಲ್ಲ!

ಜರ್ಮನಿಯ ಮೆಕ್ಯಾನಿಕ್ ಜರ್ಮನ್ನಿನಲ್ಲಿ ಓದುತ್ತಾನೆ, ಜಪಾನಿನವನು ಜಪಾನಿಯಲ್ಲಿ ಓದುತ್ತಾನೆ. ಅಷ್ಟು ದೂರ ಬೇಡ, ಪಕ್ಕದ ಮನೆ ನೋಡಿ. ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ 2010ರಲ್ಲೇ ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗನ್ನು ತಮಿಳಿನಲ್ಲಿ ಶುರು ಮಾಡಿತು. ನಮ್ಮ ಹೊಲಗಳಲ್ಲಿ ಕೊಳವೆಬಾವಿ ಕೊರೆಯಲು ತಿರುಚೆಂಗೋಡಿನ ಕಡೆಯಿಂದ ಲಾರಿಗಳು ಬರುತ್ತವೆ. ಅವರ ಮೇಲೆ ಹೊಟ್ಟೆಕಿಚ್ಚು ಪಡಬೇಡಿ, ಅವರಿಂದ ಕಲಿಯಿರಿ. ಅವರು ಕಸುಬನ್ನು ತಮ್ಮ ಭಾಷೆಯಲ್ಲಿ ಕಲಿಸಿಕೊಂಡರು. ನಾವು ನಮ್ಮ ಭಾಷೆಯನ್ನು ರಾಜ್ಯೋತ್ಸವದ ಪೆಂಡಾಲಿನಲ್ಲಿ ಕೂರಿಸಿದೆವು.

ಕಾನೂನು ಏನು ಹೇಳುತ್ತದೆ?

ಕೇಳಿ, ರಕ್ತ ಕುದಿಯುತ್ತದೆ. ಕೇಂದ್ರದ 2011ರ ಲೀಗಲ್ ಮೆಟ್ರಾಲಜಿ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರ ದೇವನಾಗರಿಯ ಹಿಂದಿಯಲ್ಲಿರಬೇಕು ಅಥವಾ ಇಂಗ್ಲಿಷಿನಲ್ಲಿರಬೇಕು. ಬೇರೆ ಭಾಷೆ? ಜೊತೆಗೆ ಹಾಕಿಕೊಂಡರೆ ಅಡ್ಡಿಯಿಲ್ಲವಂತೆ! ಅಂದರೆ ಐಮಂಗಲದಲ್ಲಿ ದುಡ್ಡು ಕೊಟ್ಟು ಕೊಳ್ಳುವವನ ಭಾಷೆ, ಕಂಪನಿಯವನ ಇಷ್ಟಕ್ಕೆ ಬಿಟ್ಟ ಭಿಕ್ಷೆ.

ಇನ್ನು ನಮ್ಮ ರಾಜ್ಯದ್ದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ಇಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರೂ ಬಳಕೆಯ ಸೂಚನೆಯೂ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ಬೋರ್ಡಿಗೆ ಸಂಬಂಧಿಸಿದ ಕಲಮು ನಿಮಗೆಲ್ಲಾ ಬಾಯಿಪಾಠ. ಈ ಕಲಮು ಯಾರಿಗೆ ಗೊತ್ತು? ಇದಕ್ಕಾಗಿ ಯಾರು ಯಾವ ಕಚೇರಿಯ ಮುಂದೆ ಕೂತರು?

ಎಣ್ಣೆ ತೂತಿನ ಮಾತು ನೆನಪಿದೆಯಲ್ಲ? ಪಂಪಿನಲ್ಲಿ ಎಣ್ಣೆ ಇದೆ, ಒತ್ತಡವೂ ಇದೆ. ಬುಷ್‌ನ ತೂತು ನೇರ ಬಾರದಿದ್ದರೆ ಒಳಗೆ ಒಂದು ಹನಿಯೂ ಇಳಿಯುವುದಿಲ್ಲ. ನಮ್ಮ ಸ್ಥಿತಿ ಅದೇ. ಕಾನೂನು ಇದೆ, ಪ್ರಾಧಿಕಾರ ಇದೆ, ಐಟಿಐಗಳಿವೆ, ಅನುದಾನ ಇದೆ. ಹೆಲ್ಪರ್ ಹುಡುಗನ ಕೈಗೆ ಒಂದು ಹನಿಯೂ ತಲುಪುತ್ತಿಲ್ಲ. ವಿಧಾನಸೌಧ ಮಾತ್ರ "ಓಡ್ತಾ ಓಡ್ತಾ ಸರಿಹೋಗುತ್ತೆ" ಎನ್ನುತ್ತಾ ಕೂತಿದೆ!

ನೀವೇನು ಮಾಡಬೇಕು?

ನಗರದ ಗೆಳೆಯರೇ, ನಿಮ್ಮಲ್ಲಿ ಎಂಜಿನಿಯರಿಂಗ್ ಓದಿದವರು ಸಾವಿರಾರು ಮಂದಿ ಇದ್ದೀರಿ. ಇಂಗ್ಲಿಷ್ ಮ್ಯಾನುಯಲ್ ಓದಬಲ್ಲಿರಿ, ಕನ್ನಡ ಬರೆಯಬಲ್ಲಿರಿ. ಟೀ ಶರ್ಟಿನ ಮೇಲೆ ಕನ್ನಡ ಹಾಕಿಕೊಂಡು ಫೋಟೋ ತೆಗೆಸಿಕೊಂಡದ್ದು ಸಾಕು. ಇಗೋ ಕೆಲಸ.

ಒಂದು: ನಿಮ್ಮ ಹತ್ತಿರದ ಐಟಿಐಗೆ ಹೋಗಿ. ಮೆಕ್ಯಾನಿಕ್ ಡೀಸೆಲ್, ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಪಾಠಗಳ ಕನ್ನಡ ಪುಸ್ತಕ ಎಲ್ಲಿ ಎಂದು ಕೇಳಿ. ಇದ್ದರೆ ಎಷ್ಟು ಪ್ರತಿ, ಹುಡುಗರ ಕೈಗೆ ಕೊಟ್ಟಿದ್ದೀರಾ ಎಂದು ಕೇಳಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಲಿಖಿತ ಉತ್ತರ ಪಡೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದು ಇದಕ್ಕೇ.

ಎರಡು: ಕರ್ನಾಟಕದಲ್ಲಿ ಲಾರಿ, ಟ್ರ್ಯಾಕ್ಟರು, ಬಿಡಿಭಾಗ ಮಾರುವ ಪ್ರತಿ ಕಂಪನಿಗೂ ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ರಿಪೇರಿ ಕೈಪಿಡಿ ಕನ್ನಡದಲ್ಲಿ ಬೇಕು ಎನ್ನಿ. ಪೂರಾ ಪುಸ್ತಕ ತಡವಾಗುವುದಾದರೆ ಅಳತೆಗಳ ಪಟ್ಟಿ, ಬೋಲ್ಟಿನ ಬಿಗಿತ, ಬುಷ್ ಕೂರಿಸುವ ಕ್ರಮ ಇಷ್ಟನ್ನು ಮೊದಲು ಕೊಡಲಿ. ಗೋಡೆಗೆ ಅಂಟಿಸುವ ಒಂದು ಹಾಳೆ ಸಾಕು, ನೂರು ಇಂಜಿನ್ನು ಉಳಿಯುತ್ತವೆ.

ಮೂರು: ಸರ್ಕಾರಕ್ಕೆ ಒತ್ತಾಯ ಹೇರಿ. 2022ರ ಕಾನೂನಿನ ಸೂಚನಾ ಕಲಮನ್ನು ಬೋರ್ಡಿನ ಕಲಮಿನಷ್ಟೇ ಜೋರಾಗಿ ಜಾರಿ ಮಾಡಲಿ. ಹಿಂದಿ ಅಥವಾ ಇಂಗ್ಲಿಷ್ ಎಂಬ ಕೇಂದ್ರದ ನಿಯಮವನ್ನು ಬದಲಿಸಿ, ಮಾರುವ ರಾಜ್ಯದ ಭಾಷೆಯನ್ನೂ ಕಡ್ಡಾಯ ಮಾಡುವಂತೆ ನಮ್ಮ 28 ಲೋಕಸಭಾ ಸದಸ್ಯರು ದೆಹಲಿಯಲ್ಲಿ ಬಾಯಿ ಬಿಡಲಿ. ಬಿಡದಿದ್ದರೆ ಓಟು ಕೇಳಲು ಬಂದಾಗ ನೀವು ಬಾಯಿ ಬಿಡಿ.

ನಾಲ್ಕು: ಇದು ಎಲ್ಲಕ್ಕಿಂತ ಮುಖ್ಯ. ಭಾನುವಾರ ಒಂದು ದಿನ ಗ್ಯಾರೇಜಿಗೆ ಹೋಗಿ ಕೂರಿ. ಮೇಸ್ತ್ರಿಗೆ ಪಾಠ ಹೇಳಲು ಹೋಗಬೇಡಿ, ಕೇಳಲು ಹೋಗಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಮ್ಯಾನುಯಲ್‌ನಲ್ಲಿರುವ ಅಂಕಿಯನ್ನು ಅದರ ಪಕ್ಕದಲ್ಲಿ ಕೂರಿಸಿ. ಅವರಿಗೇ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಎಂಟು ಪುಟ ಆಗಲಿ, ಹದಿನಾರು ಪುಟ ಆಗಲಿ, ಅಚ್ಚು ಹಾಕಿಸಿ ಹೆದ್ದಾರಿಯುದ್ದಕ್ಕೂ ಹಂಚಿ.

ಗೋಕಾಕ್ ಚಳವಳಿಯಲ್ಲಿ, 1982ರಲ್ಲಿ, ನಿಮ್ಮ ಅಪ್ಪಂದಿರು ಶಾಲೆಯಲ್ಲಿ ಕನ್ನಡ ಬೇಕೆಂದು ಬೀದಿಗಿಳಿದರು. ಸರೋಜಿನಿ ಮಹಿಷಿ ವರದಿ 1986ರಲ್ಲಿ ಕನ್ನಡಿಗರಿಗೆ ಕೆಲಸ ಬೇಕೆಂದಿತು. ಶಾಲೆ ಮತ್ತು ಕೆಲಸ ಇವೆರಡರ ನಡುವೆ ಕೊಂಡಿಯೊಂದಿದೆ, ಅದು ಕಸುಬು. ಕಸುಬಿನ ವಿದ್ಯೆ ಕನ್ನಡದಲ್ಲಿ ಸಿಕ್ಕದ ಹುಡುಗ ಎಷ್ಟು ವರ್ಷ ದುಡಿದರೂ ಹೆಲ್ಪರ್ ಆಗಿಯೇ ಉಳಿಯುತ್ತಾನೆ. ಹೊಸ ಇಂಜಿನ್ನು ಬರುತ್ತದೆ, ಅವನ ಕೈಗೆ ತಿಳಿದದ್ದು ಹಳತಾಗುತ್ತದೆ. ಕಂಪನಿಯ ವರ್ಕ್‌ಶಾಪು ಇಂಗ್ಲಿಷ್ ಓದಬಲ್ಲವನನ್ನು ಕರೆದುಕೊಳ್ಳುತ್ತದೆ. ಇವನು ಪಂಕ್ಚರ್ ಅಂಗಡಿಗೆ ಇಳಿಯುತ್ತಾನೆ. ಅವನ ಕೈ ಸೋತದ್ದಲ್ಲ ಮಿತ್ರರೇ, ನಾವು ಅವನಿಗೆ ಕಾಗದ ಕೊಡಲಿಲ್ಲ.

ಬೋರ್ಡು ಬಿಸಿಲಿಗೆ ಮಾಸುತ್ತದೆ, ಮಳೆಗೆ ತುಕ್ಕು ಹಿಡಿಯುತ್ತದೆ. ಕೈಗೆ ಹತ್ತಿದ ಕಸುಬು ಮಗನಿಗೆ, ಮೊಮ್ಮಗನಿಗೆ ಇಳಿಯುತ್ತದೆ. ಅದರ ಜೊತೆ ಇಳಿಯುವ ಭಾಷೆ ಯಾವುದು ಅನ್ನುವುದೇ ಈಗಿನ ಪ್ರಶ್ನೆ.

ಪೇಂಟಿನ ಡಬ್ಬಿ ಕೆಳಗಿಡಿ. ಪೆನ್ನು ತೆಗೆದುಕೊಳ್ಳಿ. ಐಮಂಗಲದ ದಾರಿಯಲ್ಲಿ ಇಂಜಿನ್ನು ಬಿಚ್ಚಿ ಕೂತಿದೆ, ಹುಡುಗ ಕಾಯುತ್ತಿದ್ದಾನೆ!

ಜೈ ಕರ್ನಾಟಕ!